ಫಲಕದಲ್ಲಿ ಇಲ್ಲದ ಹೆಸರು



ನಮ್ಮ ಕ್ರೈಸ್ತ ಸಂಸ್ಥೆಗಳ ಮುಖ್ಯಸ್ಥರ ಕೊಠಡಿಗೆ ಹೋದಾಗ ಕುರ್ಚಿಯ ಹಿಂದಿನ ಗೋಡೆಯ ಮೇಲೆ ಒಂದು ಮರದ ಫಲಕವನ್ನು ನೀವು ನೋಡಿರುತ್ತೀರಿ. ಸಂಸ್ಥೆ ಆರಂಭವಾದಂದಿನಿಂದ ಅದನ್ನು ನಡೆಸಿದವರ ಹೆಸರುಗಳು, ಅವರು ಅಧಿಕಾರ ವಹಿಸಿಕೊಂಡ ಮತ್ತು ಬಿಟ್ಟುಕೊಟ್ಟ ದಿನಾಂಕಗಳು ಅಲ್ಲಿ ಬಿಳಿಯ ಬಣ್ಣದಲ್ಲಿ ಬರೆದಿರುತ್ತವೆ. ಮುಂದಿನ ಸಲ ಹೋದಾಗ ಹೆಸರುಗಳನ್ನು ಬಿಟ್ಟು ದಿನಾಂಕಗಳನ್ನು ಮಾತ್ರ ಓದಿರಿ. ಒಬ್ಬರು ಮೇ ತಿಂಗಳಲ್ಲಿ ವರ್ಗವಾಗಿ ಹೋಗಿರುತ್ತಾರೆ. ಅವರ ನಂತರದವರು ಬಂದದ್ದು ಅಕ್ಟೋಬರಿನಲ್ಲಿ. ಇನ್ನೊಂದು ಕಡೆ ಎರಡು ಹೆಸರುಗಳ ನಡುವೆ ಹನ್ನೊಂದು ತಿಂಗಳುಗಳೇ ಕಾಣೆಯಾಗಿರುತ್ತವೆ. ಆ ತಿಂಗಳುಗಳಲ್ಲಿ ಬೀಗ ಹಾಕಿರಲಿಲ್ಲ. ಗಂಟೆ ಹೊಡೆಯಿತು, ಹಾಜರಿ ತೆಗೆದುಕೊಂಡರು, ಸಂಬಳದ ಬಿಲ್ಲು ಹೋಯಿತು, ಪರೀಕ್ಷೆಯೂ ನಡೆಯಿತು. ಹಾಗಾದರೆ ನಡೆಸಿದವರು ಯಾರು?

ಅಂಥ ಹನ್ನೊಂದು ತಿಂಗಳುಗಳ ಕಾಲ ಒಂದು ಶಾಲೆಯನ್ನು ನಡೆಸಿದವರನ್ನು ನಾನು ಬಲ್ಲೆ. ಶಾಲೆಯ ಹೆಸರು ಇಲ್ಲಿ ಬೇಡ. ರಾಯಚೂರು ನಗರ, ಮಾನ್ವಿ, ದೇವದುರ್ಗ ಈ ಮೂರರ ನಡುವೆ ಎಲ್ಲಿಯೋ ಒಂದು ಎಂದಿಟ್ಟುಕೊಳ್ಳಿ. ಅವರು ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯ ಮಾದಿಗರ ಕೇರಿಯಲ್ಲಿ ಹುಟ್ಟಿದವರು. ತಾಯಿ ಹತ್ತಿ ಬಿಡಿಸುವ ಕೂಲಿಗೆ ಹೋಗಿ ಓದಿಸಿದರು. ಬಿ.ಎಡ್. ಮುಗಿಸಿ ಸೇರಿದ ದಿನದಿಂದ ಇಪ್ಪತ್ತಾರು ವರ್ಷ ಒಂದೇ ಆವರಣದಲ್ಲಿ ಕೆಲಸ ಮಾಡಿದ್ದಾರೆ. ಮೂರು ಸಲ ಅವರನ್ನು ಪ್ರಭಾರ ಮುಖ್ಯೋಪಾಧ್ಯಾಯಿನಿಯನ್ನಾಗಿ ಮಾಡಲಾಯಿತು. ಮೂರು ಸಲವೂ ಹೊರಗಿನಿಂದ ಒಬ್ಬರು ಬಂದರು. ಮೂರು ಸಲವೂ ಬೀರುವಿನ ಕೀಲಿಕೈ ಯಾವುದು, ಬಿಸಿಯೂಟದ ಲೆಕ್ಕದ ಪುಸ್ತಕ ಎಲ್ಲಿದೆ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ಯಾವ ಗುಮಾಸ್ತರನ್ನು ಕಾಣಬೇಕು ಎಂಬುದನ್ನೆಲ್ಲ ಹೊಸಬರಿಗೆ ತೋರಿಸಿಕೊಟ್ಟು ಅವರು ತಮ್ಮ ಎಂಟನೆಯ ತರಗತಿಗೆ ಹಿಂತಿರುಗಿದರು. ಮೂರನೆಯ ಸಲ ಬಂದವರು ಅವರ ಹಿರಿಯ ಮಗನಿಗಿಂತ ಏಳು ವರ್ಷ ದೊಡ್ಡವರು.

ಆ ಮೂರನೆಯ ಸಲ ತೀರ್ಮಾನವಾದ ಸಭೆಯಲ್ಲಿ ನಾನೂ ಕುಳಿತಿದ್ದೆ. ಅವರ ವಿರುದ್ಧ ಯಾರೂ ಒಂದು ಕೆಟ್ಟ ಮಾತನ್ನಾಡಲಿಲ್ಲ. "ಟೀಚರು ಬಹಳ ಒಳ್ಳೆಯವರು" ಎಂದು ಒಬ್ಬರು ಆರಂಭಿಸಿದರು. ಓದುಗರೇ, ಸಭೆಗಳಲ್ಲಿ ಹೀಗೆ ಆರಂಭವಾಗುವ ವಾಕ್ಯ ಹೇಗೆ ಮುಗಿಯುತ್ತದೆಂದು ನಿಮಗೆ ಗೊತ್ತಿದೆ. ಆದರೆ ಇಂಗ್ಲಿಷ್ ಅಷ್ಟಾಗಿ ಇಲ್ಲ. ಆದರೆ ಊರಿನವರು, ನಾಳೆ ನಂಟರಿಷ್ಟರ ಒತ್ತಡ ಬರಬಹುದು. ಆದರೆ ಮೇಲ್ಜಾತಿಯ ಪೋಷಕರು ಏನೆಂದುಕೊಂಡಾರು. ಹತ್ತು ನಿಮಿಷದಲ್ಲಿ ವಿಷಯ ಮುಗಿದು ಕಾಂಪೌಂಡ್ ಗೋಡೆಯ ದುರಸ್ತಿಗೆ ಹೋದೆವು. ಗೋಡೆಯ ಬಗ್ಗೆ ಮುಕ್ಕಾಲು ಗಂಟೆ ಚರ್ಚಿಸಿದೆವು. ನಡಾವಳಿ ಪುಸ್ತಕದಲ್ಲಿ ನನ್ನ ಸಹಿ ಇದೆ. ಈ ಲೇಖನವನ್ನು ಯಾರೋ ನಿರಪರಾಧಿ ಬರೆದಿದ್ದಾನೆಂದು ನೀವು ತಿಳಿಯಬಾರದು ಎಂಬುದಕ್ಕಾಗಿ ಇದನ್ನು ಹೇಳಿದೆ.

ದಲಿತ ಕ್ರೈಸ್ತರಿಗೆ ಅನ್ಯಾಯ ಎಂದ ಕೂಡಲೇ ನಮ್ಮ ಬೆರಳು ದೆಹಲಿಯ ಕಡೆಗೆ ಹೋಗುತ್ತದೆ. ಹೋಗಬೇಕಾದದ್ದೇ. 1950ರ ಆಗಸ್ಟ್ 10ರಂದು ಹೊರಬಿದ್ದ ರಾಷ್ಟ್ರಪತಿಗಳ ಆದೇಶವು ಹಿಂದೂ ಧರ್ಮೀಯರಲ್ಲದವರನ್ನು ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗಿಟ್ಟಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೆಯಿತು; ನಮಗೆ ತೆರೆಯಲಿಲ್ಲ. ಧರ್ಮಕ್ಕೂ ಪರಿಶಿಷ್ಟ ಜಾತಿಯ ಸ್ಥಾನಮಾನಕ್ಕೂ ಇರುವ ಗಂಟನ್ನು ಬಿಚ್ಚಬೇಕೆಂದು ನ್ಯಾಯಮೂರ್ತಿ ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ಶಿಫಾರಸು ಮಾಡಿತು. 2022ರ ಅಕ್ಟೋಬರಿನಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ನೇತೃತ್ವದಲ್ಲಿ ಮತ್ತೊಂದು ಆಯೋಗ ನೇಮಕವಾಯಿತು. ಕೊಟ್ಟ ಎರಡು ವರ್ಷ ಸಾಲದೆ ಅವಧಿಯನ್ನು ವಿಸ್ತರಿಸಲಾಯಿತು. 2024ರ ನವೆಂಬರಿನಲ್ಲಿ, ಪುದುಚೇರಿಯ ಕ್ರೈಸ್ತ ಮಹಿಳೆಯೊಬ್ಬರು ಗುಮಾಸ್ತೆಯ ಹುದ್ದೆಗಾಗಿ ಕೇಳಿದ ಪರಿಶಿಷ್ಟ ಜಾತಿಯ ಪ್ರಮಾಣಪತ್ರವನ್ನು ಕೊಡಲಾಗದೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು.

ನಮ್ಮ ರಾಜ್ಯದಲ್ಲಿ ಇದರ ಪರಿಣಾಮ ಏನೆಂಬುದನ್ನು ಸರ್ಕಾರಿ ನೌಕರಿಯಲ್ಲಿರುವ ಹೆಣ್ಣುಮಕ್ಕಳೇ ಚೆನ್ನಾಗಿ ಬಲ್ಲರು. ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರನ್ನು ಕರ್ನಾಟಕ ಸರ್ಕಾರ ಹಿಂದುಳಿದ ವರ್ಗಗಳ ಪ್ರವರ್ಗ-1ರಲ್ಲಿ ಸೇರಿಸಿದೆ. ನೌಕರಿಗೆ ಸೇರುವಾಗ ಅದರಿಂದ ಪ್ರಯೋಜನವಿದೆ. ಆದರೆ ಬಡ್ತಿಯಲ್ಲಿ ಮೀಸಲಾತಿ ಇರುವುದು ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಮಾತ್ರ. 1978ರ ಆದೇಶದಿಂದ ಬಂದ ಆ ವ್ಯವಸ್ಥೆಯ ಜ್ಯೇಷ್ಠತೆಯ ಕುರಿತು ರಾಜ್ಯ 2018ರಲ್ಲಿ ಜಾರಿಗೆ ತಂದ ಕಾಯ್ದೆಯನ್ನು ಸರ್ವೋಚ್ಚ ನ್ಯಾಯಾಲಯ 2019ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಪ್ರವರ್ಗ-1ಕ್ಕೆ ಆ ಏಣಿಯಿಲ್ಲ. ಒಂದೇ ಕೇರಿಯ ಇಬ್ಬರು ಅಕ್ಕತಂಗಿಯರ ಮಕ್ಕಳು ಒಂದೇ ಇಲಾಖೆಗೆ ಒಂದೇ ವರ್ಷ ಸೇರಿದರೆಂದು ಭಾವಿಸಿರಿ. ಕೆಲವು ವರ್ಷಗಳ ಮೇಲೆ ಒಬ್ಬಳು ಮೇಲ್ವಿಚಾರಕಿಯಾಗಿ ಜೀಪಿನಲ್ಲಿ ಬರಬಹುದು. ದೀಕ್ಷಾಸ್ನಾನವನ್ನು ಮುಚ್ಚಿಡದೆ ಪ್ರಮಾಣಪತ್ರ ಬರೆಸಿಕೊಂಡವಳು ಅವಳಿಗೆ ಎದ್ದು ನಿಂತು ನಮಸ್ಕರಿಸಬೇಕಾಗಬಹುದು.

ಹೀಗಾಗಿಯೇ ನಮ್ಮ ಭಾಗದಲ್ಲಿ ಎರಡು ಹೆಸರಿನ ಹೆಣ್ಣುಮಕ್ಕಳಿದ್ದಾರೆ. ಶಾಲೆಯ ದಾಖಲೆಯಲ್ಲಿ ಹನುಮಂತಮ್ಮ, ಪ್ರಾರ್ಥನೆಯಲ್ಲಿ ಮರಿಯಮ್ಮ. ಅವರು ಪೂಜೆಗೆ ಬರುತ್ತಾರೆ, ಕಡೆಯ ಬೆಂಚಿನಲ್ಲಿ ಕುಳಿತುಕೊಳ್ಳುತ್ತಾರೆ, ಹಬ್ಬದ ಮೆರವಣಿಗೆಯ ಫೋಟೋ ತೆಗೆಯುವಾಗ ಪಕ್ಕಕ್ಕೆ ಸರಿಯುತ್ತಾರೆ. ಧರ್ಮಕೇಂದ್ರದ ಸಮಿತಿಗೆ ಅವರ ಹೆಸರು ಸೂಚಿಸಿದರೆ ಕೈಮುಗಿದು ಬೇಡವೆನ್ನುತ್ತಾರೆ. ಕಚೇರಿಯಲ್ಲಿ ಇಪ್ಪತ್ತು ಮಂದಿ ಕೈಕೆಳಗಿನವರನ್ನು ನಿಭಾಯಿಸುವ ಹೆಣ್ಣುಮಗಳ ಅನುಭವ ಧರ್ಮಸಭೆಗೆ ದಕ್ಕದೆ ಹೋಗುತ್ತದೆ. ಇವರನ್ನು ಅವಿಶ್ವಾಸಿಗಳೆಂದು ಬೋಧನೆಯಲ್ಲಿ ಚುಚ್ಚಿದವರೂ ಇದ್ದಾರೆ. ತಿಂಗಳ ಸಂಬಳವೂ ಮಕ್ಕಳ ಓದೂ ಒಂದು ಕಾಗದದ ಮೇಲೆ ನಿಂತಿರುವಾಗ ಆ ಕಾಗದವನ್ನು ಹರಿದು ಸಾಕ್ಷ್ಯ ನುಡಿಯೆಂದು ಹೇಳುವ ಹಕ್ಕು, ತಾವು ಹರಿಯಬೇಕಾದ ಕಾಗದವೇ ಇಲ್ಲದವರಿಗೆ ಎಲ್ಲಿಂದ ಬಂತು?

ಇದು ರಾಜ್ಯದ ತಪ್ಪಾಯಿತು. ಈ ತಪ್ಪಿನ ವಿರುದ್ಧ ನಾವು ಪ್ರತಿ ಆಗಸ್ಟ್ 10ರಂದು ಕಪ್ಪು ಪಟ್ಟಿ ಕಟ್ಟಿಕೊಂಡು ನಿಲ್ಲುತ್ತೇವೆ, ಮನವಿ ಬರೆಯುತ್ತೇವೆ. ನಾನೂ ಬರೆದಿದ್ದೇನೆ. ಆದರೆ ಒಂದು ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಯಾರ ಅಪ್ಪಣೆಯೂ ಬೇಕಿಲ್ಲದೆ, ಯಾವ ಆಯೋಗದ ವರದಿಗೂ ಕಾಯದೆ, ಒಬ್ಬ ದಲಿತ ಕ್ರೈಸ್ತ ಹೆಣ್ಣುಮಗಳನ್ನು ಮುಖ್ಯಸ್ಥಳ ಕುರ್ಚಿಯಲ್ಲಿ ಕೂರಿಸುವ ಅಧಿಕಾರ ಈ ದೇಶದಲ್ಲಿ ಯಾರಿಗಿದೆ? ನಮಗೇ ಇದೆ. ಸಂವಿಧಾನದ 30ನೆಯ ವಿಧಿಯು ಅಲ್ಪಸಂಖ್ಯಾತರಿಗೆ ತಮ್ಮ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿದೆ. ತಮಗೆ ಬೇಕಾದ ಅರ್ಹ ವ್ಯಕ್ತಿಯನ್ನು ಮುಖ್ಯೋಪಾಧ್ಯಾಯರನ್ನಾಗಿ ಆರಿಸಿಕೊಳ್ಳುವುದು ಆ ಹಕ್ಕಿನ ಮುಖ್ಯ ಅಂಗವೆಂದು 1998ರಲ್ಲಿ ಕೇರಳದ ಪ್ರೌಢಶಾಲೆಯೊಂದರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು; ಕಾಲೇಜಿನ ಪ್ರಾಂಶುಪಾಲರ ವಿಷಯದಲ್ಲಿ 2006ರಲ್ಲಿ ಅದನ್ನೇ ಪುನಃ ದೃಢಪಡಿಸಿತು. ಜ್ಯೇಷ್ಠತೆಯ ಪಟ್ಟಿಯೂ ನಮ್ಮ ಕೈಯನ್ನು ಕಟ್ಟಲಾರದು. ಈ ಸ್ವಾತಂತ್ರ್ಯಕ್ಕಾಗಿ ನಮ್ಮವರು ದಶಕಗಳ ಕಾಲ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಗೆದ್ದುಕೊಂಡ ಸ್ವಾತಂತ್ರ್ಯವನ್ನು ನಾವು ಈ ಭಾಗದಲ್ಲಿ ಯಾರಿಗಾಗಿ ಬಳಸಿದ್ದೇವೆ, ಯಾರನ್ನು ತಡೆಯಲು ಬಳಸಿದ್ದೇವೆ ಎಂಬುದನ್ನು ಫಲಕಗಳೇ ಹೇಳುತ್ತವೆ.

ನಾನು ಕೇಳಿದ ಆಕ್ಷೇಪಣೆಗಳಿಗೆ ಉತ್ತರಿಸದೆ ಮುಂದೆ ಹೋಗುವುದು ನ್ಯಾಯವಲ್ಲ. ಇಂಗ್ಲಿಷ್ ಬಾರದು ಎಂಬುದು ಮೊದಲನೆಯದು. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ ತಾಲ್ಲೂಕುಗಳನ್ನು ಅಳೆದಾಗ ಮೂವತ್ತೊಂಬತ್ತನ್ನು ಅತ್ಯಂತ ಹಿಂದುಳಿದವು ಎಂದಿತು. ದೇವದುರ್ಗ, ಮಾನ್ವಿ ಎರಡೂ ಆ ಪಟ್ಟಿಯಲ್ಲಿದ್ದವು. 2011ರ ಜನಗಣತಿಯಲ್ಲಿ ಇಡೀ ರಾಯಚೂರು ಜಿಲ್ಲೆಯ ಹೆಣ್ಣುಮಕ್ಕಳಲ್ಲಿ ಅಕ್ಷರಸ್ಥರು ಶೇಕಡ 49ನ್ನೂ ಮುಟ್ಟಲಿಲ್ಲ. ಅಂಥ ನೆಲದಿಂದ ಎದ್ದು ಪದವಿ ಪಡೆದವಳಿಗೆ ಇಂಗ್ಲಿಷನ್ನು ಯಾರು ಕಲಿಸಬೇಕಾಗಿತ್ತು? ಇಪ್ಪತ್ತಾರು ವರ್ಷ ಅವಳು ನಮ್ಮಲ್ಲೇ ಇದ್ದಳಲ್ಲ! ಬೇಸಿಗೆ ರಜೆಯಲ್ಲಿ ಬೆಂಗಳೂರಿನ ತರಬೇತಿಗೆ ಒಂದೇ ಒಂದು ಸಲ ಆಕೆಯನ್ನು ಕಳುಹಿಸಿದ ದಾಖಲೆ ನಮ್ಮಲ್ಲಿದೆಯೇ? ತರಬೇತಿಗೆ ಕಳುಹಿಸದೆ, ತರಬೇತಿಯಾಗಿಲ್ಲವೆಂದು ಬಡ್ತಿ ನಿರಾಕರಿಸುವುದು ಬಾವಿಯ ಹಗ್ಗವನ್ನು ಬಚ್ಚಿಟ್ಟು ಕೊಡ ತುಂಬಿಲ್ಲವೆಂದು ಗದರಿಸಿದ ಹಾಗೆ. ಅದಿರಲಿ, ಇಂಗ್ಲಿಷ್ ಬಾರದೆಂಬ ಆಕೆಯೇ ಹನ್ನೊಂದು ತಿಂಗಳು ಇಲಾಖೆಯ ಸುತ್ತೋಲೆಗಳನ್ನೆಲ್ಲ ಓದಿ ಉತ್ತರ ಕಳುಹಿಸಿದರು. ಆಗ ಇಂಗ್ಲಿಷ್ ಅಡ್ಡಿಯಾಗಲಿಲ್ಲ. ಪ್ರಭಾರ ಭತ್ಯೆ ಕೊಡಬೇಕಾಗಿ ಬಂದಿದ್ದರೆ ಆಗಲೇ ಅಡ್ಡಿಯಾಗುತ್ತಿತ್ತೋ ಏನೋ.

ಮೇಲ್ಜಾತಿಯ ಪೋಷಕರು ಒಪ್ಪಲಾರರು ಎಂಬುದು ಎರಡನೆಯ ಆಕ್ಷೇಪಣೆ. ಇದಕ್ಕೆ ಉತ್ತರ ಕೊಡುವುದಕ್ಕೂ ನಾಚಿಕೆಯಾಗುತ್ತದೆ. ಯಾರ ಕೇರಿಗೆ ಯಾರೂ ಕಾಲಿಡದ ಕಾಲದಲ್ಲಿ ಮಿಷನರಿಗಳು ಅಲ್ಲಿ ಹೋಗಿ ಕುಳಿತರು ಎಂದು ನಾವು ಶತಮಾನೋತ್ಸವದ ಸ್ಮರಣ ಸಂಚಿಕೆಗಳಲ್ಲಿ ಬರೆದುಕೊಳ್ಳುತ್ತೇವೆ. ಅವರು ಊರಗೌಡರ ಒಪ್ಪಿಗೆ ಪಡೆದು ಹೋದರೇನು?

ಲೆಕ್ಕಪತ್ರ ನಿಭಾಯಿಸಲಾರರು ಎನ್ನುವವರಿಗೆ ನನ್ನದೊಂದು ಸಲಹೆ. ನಮ್ಮ ಹಳ್ಳಿಗಳ ಸ್ತ್ರೀಶಕ್ತಿ ಸಂಘಗಳ ಪುಸ್ತಕಗಳನ್ನು ಒಮ್ಮೆ ತೆರೆದು ನೋಡಿ. ವಾರಕ್ಕೊಮ್ಮೆ ಸೇರುವ ಹೆಣ್ಣುಮಕ್ಕಳು ತಮ್ಮ ಉಳಿತಾಯ, ಬ್ಯಾಂಕಿನ ಸಾಲ, ಬಡ್ಡಿ, ಕಂತು ಎಲ್ಲವನ್ನೂ ಎಲ್ಲರೆದುರು ಓದಿ ಹೇಳುತ್ತಾರೆ. ಪೋತ್ನಾಳದ ಜಾಗೃತ ಮಹಿಳಾ ಸಂಘಟನೆಯಲ್ಲಿ ಒಗ್ಗೂಡಿದ ದಲಿತ ಕೃಷಿಕೂಲಿ ಮಹಿಳೆಯರು ಸುಟ್ಟ ಮಣ್ಣಿನ ಆಭರಣಗಳನ್ನು ಮಾಡಿ ದೂರದ ನಗರಗಳಲ್ಲಿ ಮಾರಿದರು. ನಮ್ಮ ಧರ್ಮಕೇಂದ್ರಗಳ ಹಣಕಾಸಿನ ವರದಿ ವರ್ಷಕ್ಕೊಮ್ಮೆಯಾದರೂ ಅಷ್ಟು ಬಹಿರಂಗವಾಗಿ ಓದಲ್ಪಡುತ್ತದೆಯೇ ಎಂದು ನಾನಿಲ್ಲಿ ಕೇಳುವುದಿಲ್ಲ. ಅದಕ್ಕೆ ಇನ್ನೊಂದು ಲೇಖನವೇ ಬೇಕು.

ಒಂದು ಆಕ್ಷೇಪಣೆಗೆ ಮಾತ್ರ ನಾನು ತಲೆಬಾಗುತ್ತೇನೆ. ಕರಾವಳಿಯಿಂದ, ಕೇರಳದಿಂದ, ಗೋವೆಯಿಂದ ಬಂದ ಗುರುಗಳೂ ಧರ್ಮಭಗಿನಿಯರೂ ಈ ಬಿಸಿಲಿನ ನಾಡಿನಲ್ಲಿ ಬದುಕನ್ನೇ ಸವೆಸಿದ್ದಾರೆ. ಅವರಿಲ್ಲದಿದ್ದರೆ ಆ ಟೀಚರು ಅಕ್ಷರವನ್ನೇ ಕಲಿಯುತ್ತಿರಲಿಲ್ಲ, ನಾನೂ ಕಲಿಯುತ್ತಿರಲಿಲ್ಲ. ಈ ಋಣವನ್ನು ಮರೆತವನು ಕೃತಘ್ನ. ಆದರೆ ಋಣವೆಂಬುದು ಎಷ್ಟು ತಲೆಮಾರು ಕುರ್ಚಿಯ ಗುತ್ತಿಗೆಯಾಗಿ ಮುಂದುವರಿಯಬೇಕು? ನಮ್ಮ ಹೈದರಾಬಾದ್ ಕರ್ನಾಟಕದ ಜನ, ಹುದ್ದೆಗಳೆಲ್ಲ ಮೇಲಿನ ಜಿಲ್ಲೆಗಳವರ ಪಾಲಾಗುತ್ತಿವೆ ಎಂದು ವೈಜನಾಥ ಪಾಟೀಲರಂಥವರ ಹಿಂದೆ ನಿಂತು ವರ್ಷಾನುಗಟ್ಟಲೆ ಹೋರಾಡಿದರು. 2012ರ ಡಿಸೆಂಬರಿನಲ್ಲಿ ಸಂಸತ್ತು 371-ಜೆ ವಿಧಿಯನ್ನು ಒಪ್ಪಿತು. ಮರುವರ್ಷದ ಆದೇಶದಲ್ಲಿ ಈ ಭಾಗದ ಕಚೇರಿಗಳ 'ಸಿ' ಗುಂಪಿನ ಹುದ್ದೆಗಳಲ್ಲಿ ಶೇಕಡ 80 ಸ್ಥಳೀಯರಿಗೆ ಎಂದಾಯಿತು. ಆ ದಿನ ಸಿಹಿ ಹಂಚಿದವರಲ್ಲಿ ನಮ್ಮ ಧರ್ಮಕೇಂದ್ರದವರೂ ಇದ್ದರು. ಸರ್ಕಾರಿ ಕಚೇರಿಯಲ್ಲಿ ಊರಿನವಳು ಅಧಿಕಾರಿಯಾಗಬೇಕು, ನಮ್ಮ ಆವರಣದೊಳಗೆ ಮಾತ್ರ ಅದೇ ಊರಿನವಳಾಗಿರುವುದು ಅನರ್ಹತೆಯಾಗಬೇಕು ಎಂಬ ತರ್ಕ ನನಗೆ ತಿಳಿಯದು.

ಸ್ಥಳೀಯ ಕುಟುಂಬಗಳಿಂದ ಮಠ ಸೇರಿದ ನಮ್ಮದೇ ಹೆಣ್ಣುಮಕ್ಕಳ ವಿಷಯವನ್ನೂ ಕೇಳಬೇಕು. ಅವರಲ್ಲಿ ಎಷ್ಟು ಮಂದಿಯನ್ನು ಆಡಳಿತದ ಓದಿಗೆ ಕಳುಹಿಸಲಾಗಿದೆ, ಎಷ್ಟು ಮಂದಿ ಅಡುಗೆಮನೆಯಲ್ಲೂ ಬೋರ್ಡಿಂಗಿನ ಮೇಲ್ವಿಚಾರಣೆಯಲ್ಲೂ ಕೂದಲು ನೆರೆಸಿದ್ದಾರೆ? ಲೆಕ್ಕ ಹಿರಿಯ ಭಗಿನಿಯರ ಬಳಿ ಇದೆ. ಅದನ್ನು ಅವರು ನಮಗೆ ಕೊಡಬೇಕಾಗಿಲ್ಲ. ತಮ್ಮ ಮುಂದಿನ ಸಭೆಯಲ್ಲಿ ತಾವೇ ಓದಿಕೊಂಡರೆ ಸಾಕು.

ಸಂಖ್ಯಾಕಾಂಡದಲ್ಲಿ ಬರುವ ಚಲ್ಪಹಾದನ ಐದು ಹೆಣ್ಣುಮಕ್ಕಳನ್ನು ನೆನೆಯಿರಿ. ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ. ಗಂಡುಮಕ್ಕಳಿಲ್ಲದ ತಂದೆಯ ಪಾಲು ತಮಗೆ ಬೇಕೆಂದು ಅವರು ಮೋಶೆ, ಯಾಜಕ ಮತ್ತು ಕುಲದ ಮುಖಂಡರೆಲ್ಲರ ಎದುರು ಗುಡಾರದ ಬಾಗಿಲಲ್ಲಿ ನಿಂತು ಕೇಳಿದರು. ಅವರು ಕೇಳಿದ್ದು ನ್ಯಾಯವೆಂದು ದೇವರೇ ತೀರ್ಪು ಕೊಟ್ಟರು. ಈ ಕಥೆಯನ್ನು ನಾವು ಮಹಿಳಾ ದಿನಾಚರಣೆಯಂದು ಇಲ್ಲಿಗೇ ನಿಲ್ಲಿಸುತ್ತೇವೆ. ಅದೇ ಗ್ರಂಥದ ಕೊನೆಯ ಅಧ್ಯಾಯವನ್ನು ಯಾರೂ ಓದುವುದಿಲ್ಲ. ಅಲ್ಲಿ ಅದೇ ಕುಲದ ಗಂಡಸರು ಮತ್ತೆ ಮೋಶೆಯ ಬಳಿಗೆ ಬರುತ್ತಾರೆ: ಇವರು ಬೇರೆ ಕುಲಕ್ಕೆ ಮದುವೆಯಾಗಿ ಹೋದರೆ ನಮ್ಮ ಭೂಮಿಯ ಗತಿಯೇನು? ಕೊಟ್ಟ ಹಕ್ಕಿಗೆ ಒಂದು ಷರತ್ತು ಬೀಳುತ್ತದೆ. 27ನೆಯ ಅಧ್ಯಾಯದಲ್ಲಿ ದೇವರ ಬಾಯಿಂದ ಬಂದ ಹಕ್ಕು 36ನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ ಗಂಡಸರ ಆತಂಕಕ್ಕೆ ಕಟ್ಟುಬಿದ್ದಿರುತ್ತದೆ. ನಮ್ಮ ಸಮಿತಿಗಳು ಬದುಕುತ್ತಿರುವುದು ಈ 36ನೆಯ ಅಧ್ಯಾಯದಲ್ಲಿ. 2010ರಲ್ಲಿ ಭಾರತದ ಧರ್ಮಾಧ್ಯಕ್ಷರು ಮಹಿಳೆಯರ ಸಮಾನತೆಯ ಕುರಿತು ಒಂದು ನೀತಿಯನ್ನು ಹೊರಡಿಸಿದರು. 2016ರ ಡಿಸೆಂಬರಿನಲ್ಲಿ ದಲಿತರ ಸಬಲೀಕರಣದ ನೀತಿ ಬಂತು. ಧರ್ಮಸಭೆಯೊಳಗೇ ಜಾತಿಯ ತಾರತಮ್ಯವಿದೆಯೆಂದು ಅದರಲ್ಲಿ ಒಪ್ಪಿಕೊಳ್ಳಲಾಯಿತು. ಎರಡೂ ಒಳ್ಳೆಯ ದಾಖಲೆಗಳು. ಎರಡೂ ನಮ್ಮ ಕಚೇರಿಗಳ ಕಪಾಟುಗಳಲ್ಲಿವೆ. ದಲಿತಳೂ ಹೆಣ್ಣೂ ಆಗಿರುವವಳು ಆ ಎರಡು ಪುಸ್ತಕಗಳ ರಟ್ಟುಗಳ ನಡುವೆ ಎಲ್ಲಿಯೋ ಸಿಕ್ಕಿಕೊಂಡಿದ್ದಾಳೆ.

ರೋಮಿನಲ್ಲಿ ಆಗಿರುವುದು ರಾಯಚೂರಿನಲ್ಲಿ ಆಗಲಾರದೇಕೆ? ಧರ್ಮಸಭೆಯ ಕೇಂದ್ರಾಡಳಿತದ ವಿಭಾಗಗಳನ್ನು ಶ್ರೀಸಾಮಾನ್ಯರೂ ನಡೆಸಬಹುದೆಂದು ಪೋಪ್ ಫ್ರಾನ್ಸಿಸ್ 2022ರ ಸಂವಿಧಾನದಲ್ಲಿ ಬರೆದರು. 2025ರ ಜನವರಿಯಲ್ಲಿ ಭಗಿನಿ ಸಿಮೋನಾ ಬ್ರಾಂಬಿಲ್ಲಾ ಅವರನ್ನು ಅಂಥ ಒಂದು ವಿಭಾಗದ ಮುಖ್ಯಸ್ಥೆಯನ್ನಾಗಿ ನೇಮಿಸಿದರು; ಆ ಸ್ಥಾನಕ್ಕೆ ಹೆಣ್ಣೊಬ್ಬಳು ಬಂದದ್ದು ಅದೇ ಮೊದಲು. ಅದೇ ವರ್ಷದ ಮಾರ್ಚ್‌ನಲ್ಲಿ ವ್ಯಾಟಿಕನ್ ನಗರದ ಆಡಳಿತವೇ ಭಗಿನಿ ರಫೇಲಾ ಪೆಟ್ರಿನಿ ಅವರ ಕೈಗೆ ಬಂತು. ಅಷ್ಟು ದೂರ ಏಕೆ? ತುಂಗಭದ್ರೆಯ ಆಚೆ, ನಮ್ಮ ನೆರೆಯ ಸೀಮೆಯ ನಂದ್ಯಾಲದಲ್ಲಿ ದಕ್ಷಿಣ ಭಾರತ ಸಭೆಯ ನಮ್ಮ ಸಹೋದರರು 2013ರಲ್ಲೇ ಪುಷ್ಪಲಲಿತಾ ಅವರನ್ನು ಬಿಷಪರನ್ನಾಗಿ ಅಭಿಷೇಕಿಸಿದರು. ಯಾಜಕತ್ವದ ಪ್ರಶ್ನೆಯನ್ನು ನಾನಿಲ್ಲಿ ಎತ್ತುತ್ತಿಲ್ಲ. ಅದು ನನ್ನ ಅಳವಿನದಲ್ಲ. ನಾನು ಕೇಳುತ್ತಿರುವುದು ದೀಕ್ಷೆಯ ಅಗತ್ಯವೇ ಇಲ್ಲದ ಹುದ್ದೆಗಳನ್ನು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 494ನೆಯ ನಿಯಮದ ಪ್ರಕಾರ ಧರ್ಮಪ್ರಾಂತ್ಯದ ಹಣಕಾಸು ಅಧಿಕಾರಿಗೆ ಬೇಕಾದದ್ದು ಆರ್ಥಿಕ ವ್ಯವಹಾರದ ಪರಿಣತಿ ಮತ್ತು ಪ್ರಾಮಾಣಿಕತೆ. 537ನೆಯ ನಿಯಮ ಪ್ರತಿ ಧರ್ಮಕೇಂದ್ರದಲ್ಲಿ ಹಣಕಾಸು ಸಮಿತಿ ಇರಲೇಬೇಕೆನ್ನುತ್ತದೆ. ಇವೆರಡರಲ್ಲಿ ಎಲ್ಲಿಯೂ ಗಂಡಸಾಗಿರಬೇಕೆಂದಿಲ್ಲ, ಕರಾವಳಿಯವನಾಗಿರಬೇಕೆಂದಿಲ್ಲ. ಶಾಲೆಯ ಮುಖ್ಯೋಪಾಧ್ಯಾಯಿನಿ, ಆಸ್ಪತ್ರೆಯ ಶುಶ್ರೂಷಾ ಅಧೀಕ್ಷಕಿ, ಸಮಾಜಸೇವಾ ಕೇಂದ್ರದ ನಿರ್ದೇಶಕಿ ಈ ಹುದ್ದೆಗಳಿಗಂತೂ ಯಾವ ದೈವಶಾಸ್ತ್ರದ ಅಡ್ಡಿಯೂ ಇಲ್ಲ.

ಆದ್ದರಿಂದ ನನ್ನ ಬೇಡಿಕೆ ಸಣ್ಣದು. ಪ್ರಭಾರವೆಂಬುದಕ್ಕೆ ಮಿತಿ ಇರಲಿ. ಆರು ತಿಂಗಳು ಸಂಸ್ಥೆಯನ್ನು ನಡೆಸಿದವಳನ್ನು ಖಾಯಂ ಹುದ್ದೆಗೆ ಮೊದಲು ಪರಿಗಣಿಸಬೇಕು, ಬೇಡವೆನ್ನುವುದಾದರೆ ಕಾರಣವನ್ನು ಬರವಣಿಗೆಯಲ್ಲಿ ಆಕೆಗೆ ಕೊಡಬೇಕು. ಬರೆಯಲು ನಾಚಿಕೆಯಾಗುವ ಕಾರಣವನ್ನು ಸಭೆಯಲ್ಲಿ ಆಡುವುದೂ ಆಗ ನಿಂತೀತು. ಪ್ರತಿ ವರ್ಷ ಆಡಳಿತದ ತರಬೇತಿಗೆ ಹೊರಡುವವರಲ್ಲಿ ಈ ಮೂರು ಊರುಗಳ ಒಬ್ಬಳಾದರೂ ಇರಲಿ; ಖರ್ಚು ಒಂದು ಧರ್ಮಕೇಂದ್ರದ ಹಬ್ಬದ ಶಾಮಿಯಾನಕ್ಕಿಂತ ಹೆಚ್ಚಾಗಲಾರದು. ಎರಡು ಹೆಸರಿನ ಹೆಣ್ಣುಮಕ್ಕಳ ಬಳಿ ಹೋಗಿ, ಹೆಸರು ಬರೆಸದೆಯೇ ಅವರ ಅನುಭವವನ್ನು ಕೇಳಿ ಪಡೆಯುವ ದಾರಿಯನ್ನು ಗುರುಗಳು ಹುಡುಕಲಿ.

ಆ ಟೀಚರನ್ನು ಕಳೆದ ತಿಂಗಳು ಮಾನ್ವಿಯ ಬಸ್ ನಿಲ್ದಾಣದಲ್ಲಿ ಕಂಡೆ. ಹೀಗೊಂದು ಲೇಖನ ಬರೆಯುತ್ತಿದ್ದೇನೆ ಎಂದೆ. "ಹೆಸರು ಹಾಕಬ್ಯಾಡ್ರಿ ಸರ್, ಇನ್ನೂ ಮೂರು ವರ್ಷ ಸರ್ವೀಸ್ ಐತಿ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಅಲ್ಲಿಯ ಮುಖ್ಯಸ್ಥರಿಗೆ ಮೇ ತಿಂಗಳಲ್ಲಿ ವರ್ಗವಂತೆ, ಈಗಲೇ ಕಡತಗಳನ್ನು ಜೋಡಿಸಿಡುತ್ತಿದ್ದೇನೆ ಎಂದೂ ಹೇಳಿದರು. ಆ ಸಮಿತಿಯಲ್ಲಿ ನಾನು ಈಗಲೂ ಇದ್ದೇನೆ. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಮುಖ್ಯಸ್ಥರ ನೇಮಕ ಐದನೆಯ ವಿಷಯವಾಗಿ, ಕಾಂಪೌಂಡ್ ಗೋಡೆಯ ಎರಡನೆಯ ಹಂತದ ನಂತರ ಬಂದಿದೆ. ಅದನ್ನು ಮೊದಲನೆಯ ವಿಷಯವಾಗಿಸಬೇಕೆಂದು ಕಾರ್ಯದರ್ಶಿಗಳಿಗೆ ಪತ್ರ ಬರೆದಿದ್ದೇನೆ, ಆಕೆಯ ಹೆಸರನ್ನು ನಾನೇ ಸೂಚಿಸುತ್ತೇನೆಂದೂ ಬರೆದಿದ್ದೇನೆ. ಅನುಮೋದಿಸಲು ಇನ್ನೊಬ್ಬರು ಬೇಕು.